ಪೆಟ್ಟಿಗೆಯ ಮೇಲೆ ಹಾರಿದ ವಿಮಾನಗಳು

ಮುಚ್ಚಳದ ಮೇಲೆ ಮೋಡ ಸೀಳಿಕೊಂಡು ಬರುತ್ತಿರುವ ಒಂದು ಯುದ್ಧವಿಮಾನದ ಬಣ್ಣದ ಚಿತ್ರ. ರೆಕ್ಕೆಯ ಅಂಚಿನಲ್ಲಿ ಬಿಸಿಲು, ಗಾಜಿನ ಗೂಡಿನೊಳಗೆ ಮುಖ ಬಿಗಿದ ಪೈಲಟ್, ಕೆಳಗೆ ನೀಲಿ ಸಮುದ್ರ. ಪೆಟ್ಟಿಗೆ ತೆರೆದರೆ ಒಳಗಿರುವುದು ಬೇರೆಯೇ. ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ಬೂದುಬಣ್ಣದ ಒಂದಿಷ್ಟು ಬಿಡಿ ತುಂಡುಗಳು, ನಾಲ್ಕಾಗಿ ಮಡಿಸಿದ ಸೂಚನೆಯ ಹಾಳೆ, ನೀರಿನಲ್ಲಿ ನೆನೆಸಿ ಅಂಟಿಸಬೇಕಾದ ಪುಟ್ಟ ಚಿಹ್ನೆಗಳು. ಮೇಲಿನ ಚಿತ್ರಕ್ಕೂ ಒಳಗಿನ ತುಂಡುಗಳಿಗೂ ನಡುವೆ ಇದ್ದದ್ದು ಒಬ್ಬ ಹುಡುಗನ ನಾಲ್ಕಾರು ಸಂಜೆಗಳ ದುಡಿಮೆ.

ಬ್ರಿಟನ್ ಮತ್ತು ಅಮೆರಿಕದಲ್ಲಿ 1950 ಮತ್ತು 60ರ ದಶಕಗಳಲ್ಲಿ ಬಾಲ್ಯ ಕಳೆದವರಿಗೆ ಈ ಪೆಟ್ಟಿಗೆಗಳ ನೆನಪು ಬಲು ಗಾಢ. ಇಂದು ತಲೆ ನರೆತಿರುವ ಅವರಲ್ಲಿ ಹಲವರು ಹಳೆಯ ಕಿಟ್‌ಗಳನ್ನೂ ಅವುಗಳ ಜಾಹೀರಾತು ಇರುವ ಹಳೆಯ ಪತ್ರಿಕೆಗಳನ್ನೂ ಹುಡುಕಿ ಕೊಳ್ಳುತ್ತಾರೆ. ಮೂಲ ಬೆಲೆಯ ಹತ್ತಾರು ಪಟ್ಟು ಕೊಡುವುದಕ್ಕೂ ಹಿಂಜರಿಯುವುದಿಲ್ಲ. ಸೋಜಿಗವೆಂದರೆ, ಒಮ್ಮೆಯೂ ತೆರೆಯದ ಪೆಟ್ಟಿಗೆಗೇ ಬೆಲೆ ಹೆಚ್ಚು! ಕಟ್ಟಲೆಂದೇ ಮಾಡಿದ ವಿಮಾನ ಕಟ್ಟದೆ ಉಳಿದರೆ ಅದಕ್ಕೆ ಹೆಚ್ಚು ಮರ್ಯಾದೆ. ಹಾಗಾದರೆ ಇವರು ಹುಡುಕುತ್ತಿರುವುದು ಏನನ್ನು? ಈ ಪುಟ್ಟ ವಿಮಾನಗಳ ಕಥೆ ತಿಳಿದರೆ ಉತ್ತರ ಸಿಕ್ಕೀತು.

ಆಟಿಕೆಯಿಂದಲೇ ಆರಂಭ

ವಿಮಾನಕ್ಕಿಂತ ಮೊದಲು ಹುಟ್ಟಿದ್ದು ವಿಮಾನದ ಆಟಿಕೆ. ಫ್ರಾನ್ಸಿನ ಅಲ್ಫಾನ್ಸ್ ಪೆನೊ ಎಂಬ ತರುಣ 1871ರಲ್ಲಿ ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ಹುರಿ ಹಾಕಿದ ರಬ್ಬರಿನಿಂದ ತಿರುಗುವ ಪ್ರೊಪೆಲರ್ ಇದ್ದ ಒಂದು ಪುಟ್ಟ ಮಾದರಿಯನ್ನು ಹಾರಿಸಿ ತೋರಿಸಿದ. 11 ಸೆಕೆಂಡುಗಳಲ್ಲಿ ಅದು ಸುಮಾರು 40 ಮೀಟರ್ ದೂರ ಹಾರಿತು. ಪೆನೊ ಇದೇ ರಬ್ಬರ್ ಶಕ್ತಿಯಿಂದ ಮೇಲೇರುವ ಹೆಲಿಕಾಪ್ಟರ್ ಆಟಿಕೆಯನ್ನೂ ರೂಪಿಸಿದ್ದ. ಅಂಥದೊಂದು ಆಟಿಕೆಯನ್ನು 1878ರಲ್ಲಿ ಅಮೆರಿಕದ ಒಬ್ಬ ಪಾದ್ರಿ ತನ್ನ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಮಕ್ಕಳು ಅದನ್ನು ಮುರಿಯುವವರೆಗೆ ಆಡಿದರು. ಮುರಿದ ಮೇಲೆ ತಾವೇ ಅಂಥದನ್ನು ಮಾಡತೊಡಗಿದರು. ಆ ಮಕ್ಕಳು ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್. 1903ರ ಡಿಸೆಂಬರ್ 17ರಂದು ಅವರು ಏನು ಮಾಡಿದರೆಂಬುದು ಶಾಲೆಯ ಮಕ್ಕಳಿಗೆಲ್ಲ ಗೊತ್ತು.

ಮಾದರಿ ವಿಮಾನಗಳ ಹುಚ್ಚು ಅಮೆರಿಕದಲ್ಲಿ ಮನೆಮನೆಗೂ ಹಬ್ಬಿದ್ದು 1927ರ ನಂತರ. ಆ ವರ್ಷ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಮೂವತ್ತಮೂರೂವರೆ ಗಂಟೆ ಹಾರಿದ. ರಾತ್ರಿ ಬೆಳಗಾಗುವುದರೊಳಗೆ ಪ್ರತಿ ಹುಡುಗನಿಗೂ ವಿಮಾನ ಬೇಕಾಯಿತು. ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಪೈಲಟ್ ಆಗಿದ್ದ ಪಾಲ್ ಗಿಲೊ ಎಂಬಾತ ಮೆಸಾಚುಸೆಟ್ಸ್ ರಾಜ್ಯದ ವೇಕ್‌ಫೀಲ್ಡಿನಲ್ಲಿ 1926ರಲ್ಲಿ ಒಂದು ಪುಟ್ಟ ಆಟಿಕೆ ಕಂಪನಿ ತೆರೆದಿದ್ದ. ಲಿಂಡ್‌ಬರ್ಗ್ ಹಾರಾಟದ ನಂತರ ಯುದ್ಧವಿಮಾನಗಳ ಮಾದರಿ ಕಿಟ್‌ಗಳನ್ನು ತಲಾ 10 ಸೆಂಟ್‌ಗೆ ಮಾರತೊಡಗಿದ. ಮುಂದೆ ಬಂದ ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಮನೆಯಲ್ಲಿ ದುಡ್ಡಿಲ್ಲದಿದ್ದರೂ 10 ಸೆಂಟ್ ಹೇಗೋ ಹೊಂದಿಸಬಹುದಿತ್ತು.

ಆಗಿನ ಕಿಟ್ ಎಂದರೆ ಮರ ಮತ್ತು ಕಾಗದ. ಮರ ಎಂದರೆ ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಬರುವ ಈ ಮರ ತೇಗದ ಕಾಲು ಭಾಗದಷ್ಟು ತೂಗುತ್ತದೆ, ಬ್ಲೇಡಿನಿಂದಲೇ ಕತ್ತರಿಸಬಹುದು. ಕಿಟ್‌ನಲ್ಲಿ ಇರುತ್ತಿದ್ದುದು ರೇಖೆಗಳನ್ನು ಅಚ್ಚು ಹಾಕಿದ ತೆಳು ಹಲಗೆ, ಕಡ್ಡಿಗಳು, ತೆಳ್ಳನೆಯ ಟಿಶ್ಯೂ ಕಾಗದ, ನಕ್ಷೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅಂಟು ಹಿಡಿಯದಂತೆ ಅದರ ಮೇಲೆ ಮೇಣದ ಕಾಗದ ಹಾಸಿ, ಕಡ್ಡಿಗಳನ್ನು ಗುಂಡುಪಿನ್ನುಗಳಿಂದ ರೇಖೆಯ ಮೇಲೆ ಕೂರಿಸಿ ಅಂಟು ಹಾಕಬೇಕು. ರೆಕ್ಕೆಯ ಪಕ್ಕೆಲುಬುಗಳು ಒಂದೊಂದಾಗಿ ನಿಂತ ಮೇಲೆ ಕಾಗದ ಹೊದಿಸಿ, ನೀರು ಚಿಮುಕಿಸಬೇಕು. ಒಣಗುವಾಗ ಕಾಗದ ಬಿಗಿದು ಮೃದಂಗದ ಚರ್ಮದಂತಾಗುತ್ತದೆ. ಒಂದು ಕಡೆ ಹೆಚ್ಚು ಬಿಗಿದರೆ ರೆಕ್ಕೆ ತಿರುಚಿಕೊಂಡು, ವಿಮಾನ ಒಂದೇ ಪಕ್ಕಕ್ಕೆ ವಾಲಿ ನೆಲಕ್ಕೆ ಬೀಳುತ್ತದೆ. ಗಾಳಿ, ಭಾರ, ಸಮತೋಲನಗಳ ಪಾಠವನ್ನು ಹುಡುಗರು ಹೀಗೆ ಬಿದ್ದ ವಿಮಾನಗಳನ್ನು ಎತ್ತಿಕೊಂಡು ಕಲಿತರು.

ಕೂಪನ್ ಕತ್ತರಿಸಿ ಕಳಿಸಿ

ಈ ಹವ್ಯಾಸ ಬೆಳೆದದ್ದು ಪತ್ರಿಕೆಗಳ ಜಾಹೀರಾತಿನ ಪುಟಗಳಲ್ಲಿ. ಅಮೆರಿಕದ 'ಬಾಯ್ಸ್ ಲೈಫ್', 'ಪಾಪ್ಯುಲರ್ ಮೆಕ್ಯಾನಿಕ್ಸ್', 1929ರಲ್ಲಿ ಆರಂಭವಾದ 'ಮಾಡೆಲ್ ಏರ್‌ಪ್ಲೇನ್ ನ್ಯೂಸ್', ಬ್ರಿಟನ್ನಿನ 'ಮೆಕ್ಕಾನೊ ಮ್ಯಾಗಜಿನ್', 1935ರಲ್ಲಿ ಹುಟ್ಟಿದ 'ಏರೋಮಾಡೆಲರ್' ಮುಂತಾದವುಗಳ ಹಿಂಬದಿಯ ಪುಟಗಳಲ್ಲಿ ಪುಟ್ಟ ಪುಟ್ಟ ಚೌಕಗಳು ಒತ್ತೊತ್ತಾಗಿ ಕೂತಿರುತ್ತಿದ್ದವು. ಪ್ರತಿ ಚೌಕದಲ್ಲಿ ಒಂದು ವಿಮಾನದ ರೇಖಾಚಿತ್ರ, ಪಕ್ಕದಲ್ಲಿ ರೆಕ್ಕೆಯ ಅಗಲ ಇಷ್ಟು ಇಂಚು, ಬೆಲೆ ಇಷ್ಟು, ಅಂಚೆವೆಚ್ಚ ಇಷ್ಟು. ಕೆಳಗೆ ಚುಕ್ಕೆಸಾಲಿನ ಕೂಪನ್. ಹೆಸರು, ವಿಳಾಸ ತುಂಬಿ, ಕತ್ತರಿಸಿ, ಹಣದೊಂದಿಗೆ ಅಂಚೆಗೆ ಹಾಕಬೇಕು. ಆಮೇಲೆ ಕಾಯಬೇಕು.

ಈ ಕಾಯುವಿಕೆಯನ್ನು ಇಂದಿನ ಮಕ್ಕಳಿಗೆ ವಿವರಿಸುವುದು ಕಷ್ಟ. ಮೊಬೈಲಿನಲ್ಲಿ ಬೆರಳು ತಾಗಿಸಿದರೆ ಮರುದಿನ ಸಾಮಾನು ಬಾಗಿಲಿಗೆ ಬರುವ ಕಾಲ ಇದು. ಅಂದು ಪೋಸ್ಟ್‌ಮ್ಯಾನ್ ದಾರಿ ನೋಡುವ ವಾರಗಳಲ್ಲಿ ಹುಡುಗ ಆ ಎರಡಿಂಚಿನ ಜಾಹೀರಾತನ್ನು ಬಾಯಿಪಾಠವಾಗುವಷ್ಟು ಸಲ ಓದುತ್ತಿದ್ದ. ಪೆಟ್ಟಿಗೆ ಕೈಗೆ ಬರುವ ಮೊದಲೇ ಮನಸ್ಸಿನಲ್ಲಿ ಹತ್ತು ಸಲ ವಿಮಾನ ಕಟ್ಟಿ ಹಾರಿಸಿ ಆಗಿರುತ್ತಿತ್ತು.

ಹಳೆಯ ಈ ಜಾಹೀರಾತುಗಳಲ್ಲಿ ಗಮನಿಸಬೇಕಾದ ಒಂದು ಗುಣವಿದೆ. ಅವು ಆಸೆ ಹುಟ್ಟಿಸುತ್ತಿದ್ದವು, ನಿಜ. ಉತ್ಪ್ರೇಕ್ಷೆಯೂ ಧಾರಾಳವಾಗಿ ಇತ್ತು. ಆದರೆ ಮಾರುತ್ತಿದ್ದುದು ಸಿದ್ಧ ಆಟಿಕೆಯನ್ನಲ್ಲ. 'ಇದನ್ನು ನೀನೇ ಕಟ್ಟಬಲ್ಲೆ' ಎಂಬ ಮಾತನ್ನು ಅವು ಹಲವು ಬಗೆಯಲ್ಲಿ ಹೇಳುತ್ತಿದ್ದವು. ದುಡ್ಡು ಕೊಟ್ಟವನಿಗೆ ಸಿಗುತ್ತಿದ್ದುದು ಅರ್ಧ ಮಾತ್ರ, ಉಳಿದರ್ಧವನ್ನು ಅವನೇ ಪೂರೈಸಬೇಕು. ಜಾಹೀರಾತು ಸುಳ್ಳಾಯಿತೋ ನಿಜವಾಯಿತೋ ಎಂಬುದು ಕಂಪನಿಯ ಮೇಲೆ ಎಷ್ಟು ನಿಂತಿತ್ತೋ ಹುಡುಗನ ಕೈಗಳ ಮೇಲೂ ಅಷ್ಟೇ ನಿಂತಿತ್ತು. 'ಅಂಟು, ಬಣ್ಣ ಬೇರೆಯಾಗಿ ಕೊಳ್ಳಬೇಕು' ಎಂಬ ಸಣ್ಣ ಅಕ್ಷರದ ಸಾಲನ್ನು ಓದದೆ ಪೇಚಿಗೆ ಸಿಕ್ಕ ಹುಡುಗರೂ ಇದ್ದರೆನ್ನಿ. ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಬಂದಿರಬೇಕು.

ಹಾರಲಾಗದ ಪೆಂಗ್ವಿನ್

ಬ್ರಿಟನ್ನಿನ 'ಫ್ರಾಗ್' ಎಂಬ ಹೆಸರಿಗೆ ಕಪ್ಪೆ ಎಂದರ್ಥವಾದರೂ, ಅದು 'ನೆಲದಿಂದ ನೇರ ಹಾರುತ್ತದೆ' ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳಿಂದ ಆದದ್ದೆಂದು ಹೇಳುತ್ತಾರೆ. 1930ರ ದಶಕದ ಆರಂಭದಲ್ಲಿ ರಬ್ಬರಿನಿಂದ ಹಾರುವ ವಿಮಾನಗಳನ್ನು ಮಾರಿ ಹೆಸರಾದ ಈ ಸಂಸ್ಥೆ 1936ರಲ್ಲಿ ಹೊಸದೊಂದು ಸರಣಿ ಹೊರತಂದಿತು. ಇವು ಹಾರುವ ವಿಮಾನಗಳಲ್ಲ, ನಿಜ ವಿಮಾನಗಳ ತದ್ರೂಪಿ ಪ್ಲಾಸ್ಟಿಕ್ ಮಾದರಿಗಳು. ಹಾರಲಾಗದ ಹಕ್ಕಿಯ ಹೆಸರನ್ನೇ ಇವಕ್ಕೆ ಇಟ್ಟರು: 'ಪೆಂಗ್ವಿನ್'! ಪ್ಲಾಸ್ಟಿಕ್ ವಿಮಾನ ಕಿಟ್‌ಗಳ ವಂಶ ಇಲ್ಲಿಂದ ಆರಂಭ.

ಈ ಮಾದರಿಗಳ ಪ್ರಮಾಣ 1:72. 1932ರಲ್ಲಿ ಬಂದ 'ಸ್ಕೈಬರ್ಡ್ಸ್' ಎಂಬ ಮರದ ಕಿಟ್‌ಗಳಿಂದ ಬಳಕೆಗೆ ಬಂದ ಅಳತೆ ಇದು. 72 ಏಕೆ? ಆರು ಅಡಿ ಎಂದರೆ 72 ಇಂಚು. ಆರಡಿ ಎತ್ತರದ ಮನುಷ್ಯ ಈ ಪ್ರಮಾಣದಲ್ಲಿ ಸರಿಯಾಗಿ ಒಂದಿಂಚು ಆಗುತ್ತಾನೆ.

ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಸ್ಪಿಟ್‌ಫೈರ್ ಯುದ್ಧವಿಮಾನದ ರೆಕ್ಕೆಯ ಅಗಲ 11.23 ಮೀಟರ್. 72ರಿಂದ ಭಾಗಿಸಿದರೆ 15.6 ಸೆಂಟಿಮೀಟರ್, ಅಂಗೈ ಮೇಲೆ ಕೂರುವಷ್ಟು. ಮೊದಲ ಜಂಬೊ ಜೆಟ್‌ಗಳ ರೆಕ್ಕೆ 59.6 ಮೀಟರ್. ಅದೇ ಪ್ರಮಾಣದಲ್ಲಿ ಅದು 83 ಸೆಂಟಿಮೀಟರ್ ಹತ್ತಿರವಾಗಿ ಮೇಜನ್ನೆಲ್ಲ ಆಕ್ರಮಿಸುತ್ತದೆ. ಆದ್ದರಿಂದ ಪ್ರಯಾಣಿಕ ವಿಮಾನಗಳಿಗೆ ಅದರ ಅರ್ಧ, ಅಂದರೆ 1:144 ಪ್ರಮಾಣ ರೂಢಿಗೆ ಬಂತು. ಭಾಗಾಕಾರ ಎಂದರೆ ಮುಖ ಸಿಂಡರಿಸುವ ಹುಡುಗನೂ ತನ್ನ ಕಪಾಟಿನಲ್ಲಿ ಎಷ್ಟು ವಿಮಾನ ಹಿಡಿಯುತ್ತದೆಂದು ತಿಳಿಯಲು ಈ ಲೆಕ್ಕ ಮಾಡುತ್ತಿದ್ದ.

ಶಾಲೆಗಳಿಗೆ ಬಂದ ಯುದ್ಧದ ಕರೆ

ಆಟವೆಂದುಕೊಂಡದ್ದು ಒಮ್ಮೆ ದೇಶದ ಕೆಲಸವೂ ಆಯಿತು. ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಒಂದು ತೊಡಕು ಎದುರಾಯಿತು. ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸುವುದು ಹೇಗೆ? ತಪ್ಪಿದರೆ ಸಾಯುವವರು ನಮ್ಮವರೇ. ಇದರ ತರಬೇತಿಗೆ ಮಾದರಿಗಳು ಬೇಕಾದವು. 1942ರಲ್ಲಿ ಅಮೆರಿಕದ ನೌಕಾಪಡೆ ದೇಶದ ಶಾಲೆಗಳಿಗೆ ಕರೆ ಕೊಟ್ಟಿತು: 50 ಬಗೆಯ ವಿಮಾನಗಳ 5 ಲಕ್ಷ ಮಾದರಿಗಳನ್ನು ಮಾಡಿಕೊಡಿ. ಪ್ರಮಾಣ 1:72. ಮರದಲ್ಲಿ ಕೆತ್ತಿ, ಆಕೃತಿ ಮಾತ್ರ ಎದ್ದು ಕಾಣುವಂತೆ ಪೂರ್ತಿ ಕಪ್ಪು ಬಣ್ಣ ಬಳಿಯಬೇಕು. ವಿದ್ಯಾರ್ಥಿಗಳು ತರಗತಿಗಳಲ್ಲಿ ಕುಳಿತು ನಕ್ಷೆಗೆ ತಾಳೆ ಹಾಕಿ ಇವನ್ನು ಮಾಡಿದರು. ಅಳತೆ ತಪ್ಪಿದವು ತಿರಸ್ಕೃತವಾಗುತ್ತಿದ್ದವು.

ಅದೇ ಹೊತ್ತಿಗೆ ಅಂಗಡಿಗಳಿಂದ ಬಾಲ್ಸಾ ಮರ ಮಾಯವಾಯಿತು. ಜೀವರಕ್ಷಕ ತೆಪ್ಪಗಳಿಗೆ ಅದು ಬೇಕಾಗಿತ್ತು. ಬ್ರಿಟನ್ನಿನ 'ಮಾಸ್ಕಿಟೊ' ಎಂಬ ನಿಜವಾದ ಯುದ್ಧವಿಮಾನದ ಒಡಲನ್ನೂ ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಇಟ್ಟು ಕಟ್ಟುತ್ತಿದ್ದರು. ಹುಡುಗರ ಆಟದ ಮರ ನಿಜದ ಆಕಾಶಕ್ಕೆ ಏರಿತ್ತು.

ಬಾಚಣಿಗೆಯ ಕಂಪನಿ

ಪ್ಲಾಸ್ಟಿಕ್ ವಿಮಾನ ಎಂದೊಡನೆ ಬ್ರಿಟನ್ನಿನವರ ಬಾಯಿಗೆ ಬರುವ ಹೆಸರು 'ಏರ್‌ಫಿಕ್ಸ್'. ಹಂಗೇರಿಯಿಂದ ಬಂದ ನಿಕೊಲಸ್ ಕೋವ್ ಎಂಬ ಉದ್ಯಮಿ 1939ರಲ್ಲಿ ಲಂಡನ್ನಿನಲ್ಲಿ ಇದನ್ನು ಆರಂಭಿಸಿದಾಗ ಅಲ್ಲಿ ವಿಮಾನದ ಸುಳಿವೇ ಇರಲಿಲ್ಲ. ಗಾಳಿ ತುಂಬಿದ ರಬ್ಬರ್ ಆಟಿಕೆಗಳನ್ನು ಮಾಡುವ ಕಂಪನಿ ಅದು. ಯುದ್ಧ ಮುಗಿದ ಮೇಲೆ 1947ರಲ್ಲಿ ಪ್ಲಾಸ್ಟಿಕ್ ಎರಕದ ಯಂತ್ರ ತಂದು ಬಾಚಣಿಗೆ ಮಾಡತೊಡಗಿತು.

ಕಿಟ್ ಹುಟ್ಟಿದ್ದು ಒಂದು ಜಾಹೀರಾತಿನಿಂದ. 1949ರಲ್ಲಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಕಂಪನಿಯವರು ತಮ್ಮ ಮಾರಾಟಗಾರರು ಗಿರಾಕಿಗಳಿಗೆ ತೋರಿಸಲು ಟ್ರ್ಯಾಕ್ಟರಿನ ಪುಟ್ಟ ಮಾದರಿಗಳನ್ನು ಮಾಡಿಕೊಡಲು ಕೇಳಿದರು. ಜೋಡಿಸಿದ ಮಾದರಿ ಬೇಗ ಮುರಿಯುತ್ತಿತ್ತು, ಜೋಡಿಸುವ ಕೂಲಿಯೂ ದುಬಾರಿ. ಹಾಗಾದರೆ ಬಿಡಿ ತುಂಡುಗಳನ್ನೇ ಮಾರಿದರೆ? ಕೊಂಡವರು ಜೋಡಿಸಿಕೊಳ್ಳಲಿ! 1952ರಲ್ಲಿ 'ಗೋಲ್ಡನ್ ಹೈಂಡ್' ಹಡಗಿನ ಕಿಟ್ ಬಂತು. ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲಿಂಗ್‌ಗೆ ಮಾರಬೇಕೆಂಬ ಕಾರಣಕ್ಕೆ ರಟ್ಟಿನ ಪೆಟ್ಟಿಗೆ ಬಿಟ್ಟು, ಪ್ಲಾಸ್ಟಿಕ್ ಚೀಲಕ್ಕೆ ಮೇಲೊಂದು ಕಾಗದದ ತಲೆಪಟ್ಟಿ ಹೊಡೆದರು. ಪಟ್ಟಿಯ ಮುಂದೆ ಚಿತ್ರ, ಹಿಂದೆ ಜೋಡಿಸುವ ಸೂಚನೆ. ಕೆಲವೇ ವರ್ಷಗಳಲ್ಲಿ ಅದೇ ಬಗೆಯ ಚೀಲದಲ್ಲಿ ಸ್ಪಿಟ್‌ಫೈರ್ ಬಂತು. ಮಕ್ಕಳ ಕೈಖರ್ಚಿನ ದುಡ್ಡಿಗೆ ಎಟುಕುವ ವಿಮಾನ!

ಇಷ್ಟು ಅಗ್ಗವಾದದ್ದು ಹೇಗೆಂದರೆ, ಖರ್ಚೆಲ್ಲ ಅಚ್ಚಿನಲ್ಲಿತ್ತು. ಉಕ್ಕಿನ ಎರಡು ದಪ್ಪ ತುಂಡುಗಳಲ್ಲಿ ವಿಮಾನದ ಪ್ರತಿ ಭಾಗದ ಆಕಾರ ಕೊರೆಯಬೇಕು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಹರಳುಗಳನ್ನು ಕಾಯಿಸಿ, ಪಾಕದಂತಾದ ಮೇಲೆ ಒತ್ತಡದಿಂದ ಅಚ್ಚಿನೊಳಗೆ ತಳ್ಳುತ್ತಾರೆ. ತಣಿದ ಮೇಲೆ ಅಚ್ಚು ತೆರೆದರೆ, ಪಾಕ ಹರಿದ ಕಾಲುವೆಗಳೇ ಕಡ್ಡಿಗಳಾಗಿ ಭಾಗಗಳನ್ನು ಹಿಡಿದುಕೊಂಡಿರುತ್ತವೆ. ಅಚ್ಚು ಒಮ್ಮೆ ಆದರೆ ಲಕ್ಷಗಟ್ಟಲೆ ಕಿಟ್ ತೆಗೆಯಬಹುದು. ಜೋಡಿಸಲು ಬಳಸುವ ದ್ರವವೂ ನಮ್ಮ ಗೋಂದಿನ ಹಾಗಲ್ಲ. ಅದು ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸಿ ಎರಡು ತುಂಡುಗಳನ್ನು ಒಂದಾಗಿಸುತ್ತದೆ. ಅದಕ್ಕೇ ಹೆಚ್ಚು ಸುರಿದವನ ವಿಮಾನ ಅಲ್ಲಲ್ಲಿ ಕರಗಿ, ಗಾಜಿನ ಗೂಡಿನ ಮೇಲೆ ಅವನ ಬೆರಳಚ್ಚು ಶಾಶ್ವತವಾಗಿ ಮೂಡುತ್ತಿತ್ತು.

ಚಿತ್ರಕಾರ ಕೊಟ್ಟ ಆಕಾಶ

ಪೆಟ್ಟಿಗೆಯ ಮೇಲಿನ ಚಿತ್ರಗಳ ಮಾತಿಗೆ ಬಂದರೆ ರಾಯ್ ಕ್ರಾಸ್ ಅವರನ್ನು ನೆನೆಯಲೇಬೇಕು. 1924ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇವರು ಯುದ್ಧಕಾಲದಲ್ಲಿ ಫೇರಿ ವಿಮಾನ ಕಾರ್ಖಾನೆಯಲ್ಲಿ ತಾಂತ್ರಿಕ ಚಿತ್ರಗಳನ್ನು ಬರೆಯುತ್ತಿದ್ದರು. ಯಂತ್ರದ ಒಳಹೊರಗು ಬಲ್ಲ ಕೈ ಅದು. 1964ರಿಂದ ಸುಮಾರು ಹತ್ತು ವರ್ಷ ಏರ್‌ಫಿಕ್ಸ್ ಪೆಟ್ಟಿಗೆಗಳಿಗೆ ಅವರು ಬರೆದ ಚಿತ್ರಗಳಲ್ಲಿ ವಿಮಾನ ಒಂದು ಘಟನೆಯ ನಡುವೆ ಇರುತ್ತಿತ್ತು. ಎಂಜಿನ್ನಿಗೆ ಬೆಂಕಿ ಹತ್ತಿದೆ, ಕೆಳಗೆ ಬಂದರು ಉರಿಯುತ್ತಿದೆ, ಮುಂದೇನಾಯಿತು? ಅದನ್ನು ಹುಡುಗ ಊಹಿಸಿಕೊಳ್ಳಬೇಕು. ಆದರೆ ಮೊಳೆಯ ತಲೆಯೂ ಚಿತ್ರದಲ್ಲಿ ತಪ್ಪಿರುತ್ತಿರಲಿಲ್ಲ. ಅಮೆರಿಕದ 'ರೆವೆಲ್' ಕಂಪನಿಗೆ ಜ್ಯಾಕ್ ಲೈನ್‌ವುಡ್ ಇಂಥ ನೂರಾರು ಚಿತ್ರ ಬರೆದರು. ಮುಂದೆ ಹಡಗುಗಳ ಚಿತ್ರಕಾರರಾಗಿ ಹೆಸರು ಮಾಡಿದ ರಾಯ್ ಕ್ರಾಸ್ 2024ರಲ್ಲಿ ತೀರಿಕೊಂಡರು.

ಕಾಲ ಬದಲಾದಂತೆ ಈ ಚಿತ್ರಗಳ ಮೇಲೂ ಕತ್ತರಿ ಬಿತ್ತು. ಮಕ್ಕಳ ಪೆಟ್ಟಿಗೆಯ ಮೇಲೆ ಬಾಂಬು, ಬೆಂಕಿ ಬೇಡವೆಂದು ಹಳೆಯ ಚಿತ್ರಗಳಿಂದ ಅವನ್ನು ಅಳಿಸಿ ಮರುಮುದ್ರಿಸಿದ್ದೂ ಉಂಟು. ಅಮೆರಿಕದಲ್ಲಿ ಕೆಲವು ಕಂಪನಿಗಳು ಚಿತ್ರ ಬಿಟ್ಟು, ಕಟ್ಟಿದ ಮಾದರಿಯ ಫೋಟೊವನ್ನೇ ಹಾಕತೊಡಗಿದವು. ಒಳಗಿರುವುದನ್ನು ಮೇಲೆ ತೋರಿಸುವುದು ಪ್ರಾಮಾಣಿಕತೆ ಹೌದು. ಆದರೆ ಫೋಟೊದಲ್ಲಿ ಆಕಾಶವಿರಲಿಲ್ಲ ಎಂದು ಹಳಬರು ಇಂದಿಗೂ ಗೊಣಗುತ್ತಾರೆ.

ಊಹೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ಪ್ರಸಂಗ. ಅಮೆರಿಕದ ವಾಯುಪಡೆ ರೇಡಾರಿಗೆ ಸುಲಭವಾಗಿ ಕಾಣದ ವಿಮಾನವನ್ನು ಗುಟ್ಟಾಗಿ ಕಟ್ಟುತ್ತಿದೆ ಎಂಬ ಸುದ್ದಿಯ ಆಧಾರದ ಮೇಲೆ 'ಟೆಸ್ಟರ್ಸ್' ಕಂಪನಿ 1986ರಲ್ಲಿ 'ಎಫ್-19' ಎಂಬ ಹೆಸರಿನ ಕಿಟ್ ಮಾರುಕಟ್ಟೆಗೆ ಬಿಟ್ಟಿತು. ಅದು ಬಿಸಿ ದೋಸೆಯಂತೆ ಖರ್ಚಾಯಿತು. ಶಾಸಕರು ನೋಡಲಾಗದ ಗುಟ್ಟು ಆಟಿಕೆ ಅಂಗಡಿಯಲ್ಲಿ ಹೇಗೆ ಬಂತು ಎಂದು ಅಲ್ಲಿನ ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. 1988ರ ನವೆಂಬರಿನಲ್ಲಿ ಸರ್ಕಾರ ನಿಜವಾದ ವಿಮಾನದ ಚಿತ್ರ ಬಿಡುಗಡೆ ಮಾಡಿದಾಗ ಎಲ್ಲರೂ ಬೆರಗಾದರು. ಕಿಟ್‌ನ ವಿಮಾನ ನುಣುಪಾದ ಬಾಗುಗಳದು. ನಿಜವಾದ ಎಫ್-117 ಚಪ್ಪಟೆ ಹಲಗೆಗಳನ್ನು ಕೋನಕೋನವಾಗಿ ಜೋಡಿಸಿದಂತಿತ್ತು!

ನೆನಪು ಮರೆಮಾಚುವ ಸಂಗತಿಗಳು

ನೆನಪಿನ ಬಣ್ಣದಲ್ಲಿ ಹಳೆಯದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಪಾಲಕರು ಇನ್ನೊಂದು ಮುಖವನ್ನೂ ತಿಳಿದಿರಬೇಕು. ಅಮೆರಿಕದಲ್ಲಿ 1959ರ ಹೊತ್ತಿಗೆ ಕೆಲವು ಮಕ್ಕಳು ಕಿಟ್‌ನ ಅಂಟನ್ನು ಅಮಲಿಗಾಗಿ ಮೂಸುತ್ತಿದ್ದಾರೆಂಬ ವರದಿಗಳು ಬಂದವು. ಅದರಲ್ಲಿದ್ದ ಟಾಲ್ವೀನ್ ಎಂಬ ದ್ರಾವಕ ಮೆದುಳಿಗೆ ಅಪಾಯಕಾರಿ. ಮಾರಾಟಕ್ಕೆ ಕಾನೂನಿನ ಕಡಿವಾಣ ಬಿತ್ತು. ಟೆಸ್ಟರ್ಸ್ ಕಂಪನಿ ಕೊನೆಗೆ 1969ರಲ್ಲಿ ಅಂಟಿಗೆ ಸಾಸಿವೆಯ ಘಾಟಿನ ಎಣ್ಣೆ ಬೆರೆಸಿತು, ಮೂಸಿದವರಿಗೆ ಕಣ್ಣುಮೂಗಲ್ಲಿ ನೀರು ಬರಲೆಂದು.

ಜಾಹೀರಾತುಗಳು ಮಾತನಾಡುತ್ತಿದ್ದುದು ಹುಡುಗರೊಂದಿಗೆ ಮಾತ್ರ. ಮೇಜಿನ ಮುಂದೆ ಅಪ್ಪ, ಮಗ ಕುಳಿತಿರುವ ಚಿತ್ರ ಸಾಮಾನ್ಯ. ಮಗಳು ಅಲ್ಲಿ ಕಾಣುವುದು ಅಪರೂಪ. ಎಷ್ಟೋ ಹೆಣ್ಣುಮಕ್ಕಳ ಕುಶಲ ಕೈಗಳನ್ನು ಈ ಹವ್ಯಾಸ ಹೊರಗೇ ನಿಲ್ಲಿಸಿತು. ಇನ್ನು, ಮಾರಾಟವಾದ ವಿಮಾನಗಳಲ್ಲಿ ಬಹುಪಾಲು ಯುದ್ಧದವು. ಬಾಂಬು ಹಾಕುವ ವಿಮಾನವನ್ನು ಕಟ್ಟಿದ ಮಗುವಿಗೆ ಆ ಬಾಂಬು ಯಾರ ಮನೆಯ ಮೇಲೆ ಬಿತ್ತೆಂದು ಪೆಟ್ಟಿಗೆ ಹೇಳುತ್ತಿರಲಿಲ್ಲ. ಅದನ್ನು ಹೇಳಬೇಕಾದವರು ಮನೆಯ ಹಿರಿಯರು, ಶಾಲೆಯ ಮೇಷ್ಟ್ರು.

1970ರ ದಶಕದಲ್ಲಿ ಈ ಉದ್ಯಮಕ್ಕೆ ಇಳಿಗಾಲ. 1973ರ ತೈಲ ಬಿಕ್ಕಟ್ಟಿನಿಂದ ಪ್ಲಾಸ್ಟಿಕ್ ತುಟ್ಟಿಯಾಯಿತು. ಟಿವಿ ಸಂಜೆಗಳನ್ನು ಕಬಳಿಸಿತು, ಹಿಂದೆಯೇ ವಿಡಿಯೊ ಆಟಗಳು ಬಂದವು. ಫ್ರಾಗ್ 1976ರಲ್ಲಿ ನಿಂತಿತು. ಏರ್‌ಫಿಕ್ಸ್ 1981ರಲ್ಲಿ ದಿವಾಳಿಯಾಗಿ, ಕೈಯಿಂದ ಕೈಗೆ ದಾಟಿ, 2006ರಲ್ಲಿ ಆಟದ ರೈಲುಗಳಿಗೆ ಹೆಸರಾದ ಹಾರ್ನ್‌ಬಿ ಕಂಪನಿಯ ಪಾಲಾಯಿತು. 2009ರಲ್ಲಿ ಬಿಬಿಸಿಯ ಕಾರ್ಯಕ್ರಮವೊಂದಕ್ಕಾಗಿ ಜೇಮ್ಸ್ ಮೇ ಅವರು ನಿಜ ಗಾತ್ರದ ಸ್ಪಿಟ್‌ಫೈರ್ ಕಿಟ್ ಮಾಡಿಸಿ, ಶಾಲಾಮಕ್ಕಳಿಂದ ಅದನ್ನು ಜೋಡಿಸಿದರು. ಮೊದಮೊದಲು ಉದಾಸೀನದಿಂದ ನಿಂತಿದ್ದ ಮಕ್ಕಳು, ರೆಕ್ಕೆ ಹೊತ್ತು ಕೂರಿಸುವ ಹೊತ್ತಿಗೆ ಹುರುಪಾಗಿದ್ದನ್ನು ಪ್ರೇಕ್ಷಕರು ಕಂಡರು.

ನಮ್ಮ ಬೆಂಗಳೂರಿನಲ್ಲಿ

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. 1991ರ ಉದಾರೀಕರಣಕ್ಕೆ ಮೊದಲು ಇಂಥ ವಸ್ತುಗಳ ಆಮದಿಗೆ ಬಿಗಿ ಕಟ್ಟುಪಾಡಿತ್ತು. ನಮ್ಮ ಬಹುಪಾಲು ಮಕ್ಕಳ ವಿಮಾನ ಎಂದರೆ ನೋಟುಬುಕ್ಕಿನ ಹಾಳೆ ಮಡಿಸಿದ್ದೇ. ಆದರೆ ವಿಮಾನದ ಮಾದರಿ ಎಷ್ಟು ಗಂಭೀರ ವಸ್ತು ಎಂಬುದನ್ನು ತಿಳಿಯಲು ಬೆಂಗಳೂರಿಗಿಂತ ಒಳ್ಳೆಯ ಊರಿಲ್ಲ. ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ತರಬೇತಿ ವಿಮಾನ ಎಚ್‌ಟಿ-2 ಇಲ್ಲಿ 1951ರಲ್ಲಿ ಹಾರಿತು. ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಹಾರಿತು. ಇಲ್ಲಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದಲ್ಲಿ 1967ರಿಂದ ಕೆಲಸ ಮಾಡುತ್ತಿರುವ 1.2 ಮೀಟರ್ ಗಾಳಿಸುರಂಗದಲ್ಲಿ ಶಬ್ದದ ನಾಲ್ಕು ಪಟ್ಟು ವೇಗದವರೆಗೆ ಗಾಳಿ ಬೀಸಿ ಪುಟ್ಟ ಮಾದರಿಗಳನ್ನು ಪರೀಕ್ಷಿಸುತ್ತಾರೆ. 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನವೂ, ನಮ್ಮ ಉಪಗ್ರಹಗಳನ್ನು ಒಯ್ಯುವ ರಾಕೆಟ್‌ಗಳೂ ಆಕಾಶ ನೋಡುವ ಮೊದಲು ಮಾದರಿಗಳಾಗಿ ಆ ಗಾಳಿಗೆ ಎದೆಯೊಡ್ಡಿದವು.

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಹುಡುಗನಾಗಿದ್ದಾಗ ಮಾದರಿ ವಿಮಾನಗಳನ್ನು ಕಟ್ಟುತ್ತಿದ್ದ, ಮನೆಯ ನೆಲಮಾಳಿಗೆಯಲ್ಲಿ ಪುಟ್ಟ ಗಾಳಿಸುರಂಗವನ್ನೂ ಮಾಡಿಕೊಂಡಿದ್ದ. 1986ರಲ್ಲಿ ಎಲ್ಲಿಯೂ ಇಳಿಯದೆ, ಇಂಧನ ತುಂಬಿಸಿಕೊಳ್ಳದೆ 9 ದಿನಗಳಲ್ಲಿ ಭೂಮಿ ಸುತ್ತಿದ 'ವಾಯೇಜರ್' ವಿಮಾನದ ವಿನ್ಯಾಸಕಾರ ಬರ್ಟ್ ರುಟಾನ್ ಎಳವೆಯಿಂದಲೇ ಮಾದರಿಗಳನ್ನು ಸ್ವತಃ ರೂಪಿಸಿದವರು. ಹಾಗೆಂದು ಕಿಟ್ ಕೊಡಿಸಿದ ಮಕ್ಕಳೆಲ್ಲ ಗಗನಯಾತ್ರಿಗಳಾಗುವುದಿಲ್ಲ. ಬಹುಪಾಲು ಮಂದಿ ಗುಮಾಸ್ತರು, ವೈದ್ಯರು, ಮೇಷ್ಟ್ರುಗಳಾದರು. ಆದರೆ ಒಂದು ಕೆಲಸ ಹಿಡಿದು, ಕೆಡಿಸಿ, ಸರಿಮಾಡಿ, ಮುಗಿಸುವುದು ಹೇಗೆಂದು ಅವರಿಗೆ ಗೊತ್ತಿತ್ತು.

ತಲೆ ನರೆತವರು ಆ ಮುಚ್ಚಿದ ಪೆಟ್ಟಿಗೆಗಳಲ್ಲಿ ಹುಡುಕುತ್ತಿರುವುದು ಬಹುಶಃ ಇದನ್ನೇ. 'ನೀನು ಮಾಡಬಲ್ಲೆ' ಎಂದು ಯಾರೋ ನಂಬಿ ಕೈಗೆ ಕೊಟ್ಟ ಆ ದಿನವನ್ನು. ಪ್ಲಾಸ್ಟಿಕ್ ಮಾತ್ರವಾದರೆ ಅದಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ.

ಪಾಲಕರಿಗೆ ಕೊನೆಯದಾಗಿ ಎರಡು ಮಾತು. ದುಬಾರಿ ಕಿಟ್ ಬೇಕಾಗಿಲ್ಲ. ರಟ್ಟು, ಬಿದಿರುಕಡ್ಡಿ, ರಬ್ಬರ್ ಬ್ಯಾಂಡ್‌ಗಳಿಂದಲೂ ಆರಂಭಿಸಬಹುದು. ಎನ್‌ಸಿಸಿಯ ವಾಯುವಿಭಾಗವಿರುವ ಶಾಲೆ ಕಾಲೇಜುಗಳಲ್ಲಿ ಏರೋಮಾಡೆಲಿಂಗ್ ಕಲಿಯುವ ಅವಕಾಶವಿದೆ, ಗಂಡು ಹೆಣ್ಣೆಂಬ ಭೇದವಿಲ್ಲದೆ. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು ಮಾರುತ್ ವಿಮಾನದ ಮುಂದೆ ನಿಲ್ಲಿಸಿ. ಅದರ ಉದ್ದ 15.87 ಮೀಟರ್. 1:72ರಲ್ಲಿ ಎಷ್ಟಾಗುತ್ತದೆಂದು ಮಗುವೇ ಲೆಕ್ಕ ಹಾಕಲಿ, ಹಾಳೆಯ ಮೇಲೆ ಬರೆಯಲಿ, ರಟ್ಟಿನಲ್ಲಿ ಕತ್ತರಿಸಲಿ. ಅಂಟು ಬಳಸುವಾಗ ಕಿಟಕಿ ತೆರೆದಿರಲಿ, ಬ್ಲೇಡು ಹಿಡಿದಾಗ ಪಕ್ಕದಲ್ಲಿರಿ. ಅಷ್ಟು ಸಾಕು. ರೆಕ್ಕೆ ಸೊಟ್ಟಗಾದರೆ ಆಗಲಿ, ನೀವು ಕೈ ಹಾಕಿ ನೇರ ಮಾಡಲು ಹೋಗಬೇಡಿ.